ಊರೇ ಉಂಡ ಮದುವೆಗೆ ಕಾಗದದ ಸಾಕ್ಷಿ ಎಲ್ಲಿ?

ದೊಡ್ಡಬಳ್ಳಾಪುರ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಅವರ ಕಾಲಕ್ಕೆ ಅಷ್ಟೇ ಸಾಕಾಗಿತ್ತು. ಈಗ ಅದರ ಬೆನ್ನಿಗೆ ಇನ್ನೊಂದು ಸೇರಿಸಬೇಕಾಗಿದೆ. ಮದುವೆಯಾದ ಮೇಲೆ ಹೆಂಡತಿಗೆ ವೀಸಾ ಮಾಡಿಸಿ ನೋಡು!

ಒಂದು ಮನೆ ಎಂದಿಟ್ಟುಕೊಳ್ಳಿ. ದೊಡ್ಡಬಳ್ಳಾಪುರದ ಮಗ್ಗದ ಮನೆ. ಹಗಲೂ ರಾತ್ರಿ ಲಟಲಟ ಸದ್ದು. ಮಗಳು ಬಿ.ಕಾಂ. ಮುಗಿಸಿ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಳು. ವಿಜಯಪುರದ ಕಡೆಯಿಂದ ಸಂಬಂಧ ಬಂತು. ಹುಡುಗ ಇಂಜಿನಿಯರು, ಫಾರಿನ್‌ನಲ್ಲಿದ್ದಾನೆ. ಇಪ್ಪತ್ತು ದಿನ ರಜೆ ಹಾಕಿ ಬಂದ, ನೋಡಿದ, ಒಪ್ಪಿದ. ಘಾಟಿ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಧಾರೆ, ಊರಿನ ಛತ್ರದಲ್ಲಿ ಆರತಕ್ಷತೆ. ಸಾವಿರ ಎಲೆ ಎದ್ದವು. ರಜೆ ಮುಗಿದ ದಿನ ಗಂಡ ದೇವನಹಳ್ಳಿಯಲ್ಲಿ ವಿಮಾನ ಹತ್ತಿದ. "ಮೂರು ತಿಂಗಳಲ್ಲಿ ಕರೆಸ್ಕೊಳ್ತೀನಿ" ಅಂತ ಹೇಳಿ ಹೋದ.

ಮೂರು ತಿಂಗಳು ಒಂಬತ್ತಾಯಿತು. ಹುಡುಗಿ ಅಂಗಡಿ ಕೆಲಸ ಬಿಟ್ಟಾಗಿದೆ. ಅತ್ತೆ ಮನೆಯಲ್ಲಿ ಎಂಟು ದಿನ, ತವರಲ್ಲಿ ಹದಿನೈದು ದಿನ.

"ಏನಣ್ಣ, ಮಗಳು ಇನ್ನೂ ಇಲ್ಲೇ ಅವ್ಳಂತೆ?" ಅಂತ ಬಸ್ ಸ್ಟ್ಯಾಂಡಿನಲ್ಲಿ ಕೇಳುವವರಿಗೆ ಕಮ್ಮಿಯಿಲ್ಲ.

"ಪೇಪರ್ ಆಗ್ಬೇಕಂತೆ ಕಣಪ್ಪ" ಅಂತ ಅಪ್ಪ ತಲೆ ತಗ್ಗಿಸುತ್ತಾನೆ.

ಇದು ಹೆಸರಿಟ್ಟು ಹೇಳುವ ಒಂದು ಮನೆಯ ಕಥೆಯಲ್ಲ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ಯಾವ ಕಡೆ ಹೋದರೂ ಇಂಥ ಸಂಕಟದ ಮನೆ ಇರಬಹುದು. 2008ರ ಮೇ 24ರಂದು ದೇವನಹಳ್ಳಿಯ ಹೊಲಗಳ ಮೇಲೆ ವಿಮಾನ ಹಾರತೊಡಗಿದ ಮೇಲೆ ಪರದೇಶ ಅನ್ನುವುದು ಇಲ್ಲಿಯವರಿಗೆ ಪಕ್ಕದ ಸ್ಟಾಪಾಗಿದೆ. ವಿಮಾನ ನಿಲ್ದಾಣ ಹತ್ತಿರ ಬಂತು, ನಿಜ. ಆದರೆ ವೀಸಾ ಹತ್ತಿರ ಬಂದಿಲ್ಲ!

ಹುಡುಗ ಅಲ್ಲಿ ಏನಾಗವ್ನೆ?

ಹೆಣ್ಣು ಕೊಡುವವರು ಜಾತಕ ಕೇಳುತ್ತಾರೆ, ಸಂಬಳ ಕೇಳುತ್ತಾರೆ, ಸೈಟು ಎಷ್ಟು ಅಂತ ಕೇಳುತ್ತಾರೆ. ಕೇಳಬೇಕಾದ ಒಂದು ಮಾತು ಮಾತ್ರ ಬಿಟ್ಟುಹೋಗುತ್ತದೆ. ಹುಡುಗ ಆ ದೇಶದಲ್ಲಿ ಯಾವ ಹಕ್ಕಿನ ಮೇಲೆ ಇದ್ದಾನೆ? ಪೌರನೋ, ಕಾಯಂ ವಾಸಿಯೋ, ಕೆಲಸದ ವೀಸಾದವನೋ, ಓದಲು ಹೋದವನೋ? ಹೆಂಡತಿಯ ವೀಸಾ ಗಂಡನ ಈ ಸ್ಥಾನಕ್ಕೆ ಕಟ್ಟಿದ ಗಂಟು. ಅದೊಂದು ಗೊತ್ತಾದರೆ ಅರ್ಧ ದಾರಿ ಗೊತ್ತಾದಂತೆ.

ಅಮೆರಿಕವನ್ನೇ ತೆಗೆದುಕೊಳ್ಳಿ. ಗಂಡ ಅಲ್ಲಿಯ ಪೌರನಾಗಿದ್ದರೆ ಹೆಂಡತಿಗೆ ವರ್ಷಕ್ಕೆ ಇಂತಿಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಮಿತಿ ಉಂಟು, ಸಾಲಿನಲ್ಲಿ ನಿಲ್ಲಬೇಕು. ಎರಡರಲ್ಲೂ ಗಂಡ ಮೊದಲು ಅಲ್ಲಿಯ ವಲಸೆ ಇಲಾಖೆಗೆ ಅರ್ಜಿ ಹಾಕಬೇಕು. ಅದು ಮಂಜೂರಾದ ಮೇಲೆ ಹೆಂಡತಿಯ ಕಾಗದಪತ್ರ, ವೈದ್ಯಕೀಯ ಪರೀಕ್ಷೆ, ಕೊನೆಗೆ ಸಂದರ್ಶನ. ಜೊತೆಗೆ ಗಂಡ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿಯ ಸರ್ಕಾರ ಗೊತ್ತುಮಾಡಿದ ಬಡತನದ ಗೆರೆಗಿಂತ ಕಾಲು ಪಾಲು ಹೆಚ್ಚು, ಅಂದರೆ ಶೇ. 125ರಷ್ಟು ಆದಾಯ ತನಗಿದೆ, ಹೆಂಡತಿಯನ್ನು ಸಾಕುತ್ತೇನೆ ಎಂಬ ಮುಚ್ಚಳಿಕೆ.

ಗಂಡ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ದಾರಿ ಬೇರೆ. ಹೆಂಡತಿಗೆ ಸಿಗುವುದು ಎಚ್-4. ಹೋಗಬಹುದು, ಇರಬಹುದು, ಓದಬಹುದು. ದುಡಿಯಲು ಮಾತ್ರ ಸಲೀಸಾಗಿ ಬಿಡುವುದಿಲ್ಲ. 2015ರ ಮೇ 26ರಿಂದ ಕೆಲವರಿಗೆ ಕೆಲಸದ ಪರವಾನಗಿ ಕೊಡತೊಡಗಿದರು. ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ. ಇಲ್ಲಿ ಸಂಬಳ ತರುತ್ತಿದ್ದ ಹುಡುಗಿ ಅಲ್ಲಿ ಹೋಗಿ ಬಸ್ ಚಾರ್ಜಿಗೂ ಗಂಡನ ಮುಖ ನೋಡಬೇಕಾಗಬಹುದು. ಇದನ್ನು ಮದುವೆಗೆ ಮುಂಚೆ ಇಬ್ಬರೂ ಕೂತು ಮಾತಾಡಬೇಕೋ ಬೇಡವೋ?

ಇಂಗ್ಲೆಂಡಿನ ಲೆಕ್ಕ ಇನ್ನೊಂದು. ಅಲ್ಲಿ ನೆಲೆನಿಂತವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕೆಂದು 2012ರಲ್ಲಿ ನಿಯಮ ಮಾಡಿದರು. 2024ರ ಏಪ್ರಿಲ್ 11ರಿಂದ ಅದನ್ನು ಒಂದೇ ಏಟಿಗೆ 29,000 ಪೌಂಡಿಗೆ ಏರಿಸಿದರು. ಇದರ ಮೇಲೆ ಇಂಗ್ಲಿಷ್ ಪರೀಕ್ಷೆ, ಕ್ಷಯರೋಗ ಇಲ್ಲವೆಂಬ ಸರ್ಟಿಫಿಕೇಟು. ಆಸ್ಪತ್ರೆ ಬಾಬ್ತು ಅಂತ ವರ್ಷಕ್ಕೆ ಇಷ್ಟು ಪೌಂಡ್ ಮುಂಗಡವಾಗಿ ಕಟ್ಟಬೇಕು. ಓದಲು ಹೋದವರಿಗೆ 2024ರ ಜನವರಿಯಿಂದ ಬಾಗಿಲು ಬಿಗಿಯಾಯಿತು. ಸಂಶೋಧನೆಯಂಥ ಉನ್ನತ ವ್ಯಾಸಂಗದವರನ್ನು ಬಿಟ್ಟು ಉಳಿದ ಹೊಸ ವಿದ್ಯಾರ್ಥಿಗಳು ಸಂಸಾರ ಕರೆದೊಯ್ಯುವಂತಿಲ್ಲ ಎಂದರು. ಅದೇ ವರ್ಷ ಮಾರ್ಚ್ 11ರಿಂದ, ವೃದ್ಧರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಹೋಗುವವರಿಗೂ ಅದೇ ಕಟ್ಟಪ್ಪಣೆ.

ದುಬೈ ಕಡೆ ದುಡಿಯುವವರಿಗೆ ಲೆಕ್ಕ ಸರಳ. ಸಂಬಳ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ಮನೆ, ಇದ್ದರೆ ಹೆಂಡತಿಯನ್ನು ಕರೆಸಬಹುದು ಎಂಬುದು ಅಲ್ಲಿ ಜಾರಿಗೆ ತಂದ ನಿಯಮ. ಅಷ್ಟಿಲ್ಲದವನು ಎಷ್ಟು ಪ್ರೀತಿ ಇದ್ದರೂ ಫೋನಿನಲ್ಲೇ ಸಂಸಾರ ಮಾಡಬೇಕು.

ಈ ಅಂಕಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. ಸರ್ಕಾರ ಬದಲಾದರೆ ಅವೂ ಬದಲು. ಆದ್ದರಿಂದ ಕಾಸು ಕಟ್ಟುವ ದಿನ ಆಯಾ ದೇಶದ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು. ಪಕ್ಕದ ಮನೆಯ ಅಳಿಯ ಹೋದ ವರ್ಷ ಹೇಳಿದ್ದನ್ನಲ್ಲ.

ಮೊದಲ ಮುದ್ರೆ ನಮ್ಮೂರಲ್ಲೇ

ವೀಸಾ ಅಂದರೆ ಚೆನ್ನೈ, ಮುಂಬೈ, ದೆಹಲಿ ಅಂತ ಜನ ಅಂದುಕೊಂಡಿದ್ದಾರೆ. ತಪ್ಪು. ವೀಸಾ ಶುರುವಾಗುವುದು ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ.

ಘಾಟಿಯ ಸುಬ್ಬಪ್ಪ ಸಾಕ್ಷಿ, ಅಗ್ನಿ ಸಾಕ್ಷಿ, ಉಂಡೆದ್ದ ಸಾವಿರ ಜನ ಸಾಕ್ಷಿ. ಪುರೋಹಿತರು ಹಗಲು ಹೊತ್ತಿನಲ್ಲೇ ಅರುಂಧತಿ ನಕ್ಷತ್ರವನ್ನೂ ತೋರಿಸಿದರು. ಆದರೆ ವೀಸಾ ಆಫೀಸಿನವನಿಗೆ ಇವರ್ಯಾರೂ ಗೊತ್ತಿಲ್ಲ. ಅವನಿಗೆ ಬೇಕಾಗಿರುವುದು ಸರ್ಕಾರಿ ಮೊಹರಿನ ವಿವಾಹ ನೋಂದಣಿ ಪತ್ರ.

ಯಾವುದೇ ಧರ್ಮದವರಾಗಲಿ, ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರವರಿ 14ರಂದೇ ಹೇಳಿದೆ. ಹಿಂದೂ ವಿವಾಹಗಳನ್ನು ಆನ್‌ಲೈನ್ ಮೂಲಕವೇ ನೋಂದಾಯಿಸುವ ಏರ್ಪಾಟನ್ನು ರಾಜ್ಯ ಸರ್ಕಾರ 2024ರಲ್ಲಿ ಕಾವೇರಿ ತಂತ್ರಾಂಶದಲ್ಲಿ ತಂದಿತು. ಆದರೂ ಎಷ್ಟು ಮನೆಯವರು ಮಾಡಿಸುತ್ತಾರೆ? "ಆಮೇಲೆ ನೋಡ್ಕೊಂಡ್ರಾಯ್ತು ಬಿಡಿ." ಆಮೇಲೆ ಅನ್ನುವ ಹೊತ್ತಿಗೆ ಗಂಡ ಏಳು ಸಮುದ್ರದ ಆಚೆ! ಇಬ್ಬರ ಸಹಿ, ಇಬ್ಬರ ಗುರುತು, ಇಬ್ಬರ ಒಪ್ಪಿಗೆ ಬೇಕಾದ ಕೆಲಸ ಅದು. ಮುಂದಿನ ರಜೆವರೆಗೂ ಕಡತ ಕೂತಲ್ಲೇ ಕೂರುತ್ತದೆ. ಮಗ್ಗದ ಮನೆಯ ಹುಡುಗಿಯ ಒಂಬತ್ತು ತಿಂಗಳಲ್ಲಿ ಆರು ತಿಂಗಳು ನುಂಗಿದ್ದು ಈ "ಆಮೇಲೆ".

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಎಂಬುದನ್ನು ತೆಗೆದುಹಾಕಿತು. ಜನಕ್ಕೆ ಅನುಕೂಲವೇ ಆಯಿತು. ಆದರೆ ಪಾಸ್‌ಪೋರ್ಟಿನವರೇ ಕೇಳಲಿಲ್ಲ, ವೀಸಾದವರು ಕೇಳ್ತಾರಾ ಅಂತ ಸುಮ್ಮನಾದವರು ಕೆಟ್ಟರು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ, ವೀಸಾ ಕೊಡುವುದು ಅವರ ಸರ್ಕಾರ. ಎರಡಕ್ಕೂ ಸಂಬಂಧವಿಲ್ಲ.

ನೋಂದಣಿ ಪತ್ರ ಕೈಗೆ ಬಂದರೂ ಕೆಲವು ದೇಶಗಳಿಗೆ ಅಷ್ಟೇ ಸಾಲದು. ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಎಂಬ ಮುದ್ರೆ ಕೇಳುತ್ತಾರೆ. ಇದಕ್ಕೆ ಸಂಬಂಧಿಸಿದ ಹೇಗ್ ಒಪ್ಪಂದದಲ್ಲಿ ಭಾರತ ಇರುವುದು 2005ರಿಂದ. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಛೇರಿಯ ಮುದ್ರೆ ಬೇರೆ ಬೇಕು.

ಹೆಸರಿನ ಗೋಳು

ಇಲ್ಲಿಯ ದೊಡ್ಡ ತಲೆನೋವು ಹೆಸರು. ಮಂಜುಳ ಅಂತ ಒಂದು ಹೆಸರು ಇಟ್ಟುಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ 'ಮಂಜುಳ ಎನ್.', ಆಧಾರ್‌ನಲ್ಲಿ ಬರೀ 'ಮಂಜುಳಾ', ವೋಟರ್ ಕಾರ್ಡಿನಲ್ಲಿ 'ಮಂಜಮ್ಮ'. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು! ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ಒಂದು 'ಎ', ಇನ್ನೊಂದು ಕಡೆ ಎರಡು. ಊರಿಗೆಲ್ಲ ಒಬ್ಬಳೇ ಮಂಜುಳ. ಕಾಗದದಲ್ಲಿ ನಾಲ್ಕು ಜನ.

ಆ 'ಎನ್' ಅಂದರೇನು? ನಾರಾಯಣಪ್ಪನೋ, ನೆಲಮಂಗಲವೋ? ನಮ್ಮ ಕಡೆ ಇನಿಷಿಯಲ್ ಸಾಕು. ಅಲ್ಲಿಯವರಿಗೆ ಮನೆತನದ ಹೆಸರು, ಸ್ವಂತದ ಹೆಸರು ಅಂತ ಎರಡು ಕಾಲಂ ತುಂಬಲೇಬೇಕು. ಪಾಸ್‌ಪೋರ್ಟಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರನ್ನು ಮನೆತನದ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಒತ್ತುತ್ತಾರೆ. ಹಾಗೆಂದರೆ ಹೆಸರು ಗೊತ್ತಿಲ್ಲ ಅಂತ! 2022ರ ನವೆಂಬರ್‌ನಲ್ಲಿ ಯು.ಎ.ಇ. ಕೂಡ ಒಂದೇ ಹೆಸರಿನ ಪಾಸ್‌ಪೋರ್ಟಿನವರನ್ನು ಒಳಗೆ ಬಿಡುವುದಿಲ್ಲ ಎಂದಿತು. ತಂದೆಯದೋ ಮನೆತನದ್ದೋ ಹೆಸರು ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿದ್ದರೆ ಆದೀತು ಅಂತ ಆಮೇಲೆ ಸಡಿಲ ಮಾಡಿದರು.

ಗಂಡ ಹೆಂಡತಿ ಫೋನಿನಲ್ಲಿ ಆಡುವ ಮಾತು ಹೀಗಿರುತ್ತದೆ:

"ರೀ, ಆಧಾರ್‌ನಲ್ಲಿ ಒಂದು ತರ ಐತೆ, ಪಾಸ್‌ಪೋರ್ಟಲ್ಲಿ ಒಂದು ತರ ಐತೆ ಅಂತಾವ್ರೆ."

"ಅದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರಾ?"

ಇಬ್ಬರದೂ ತಪ್ಪಲ್ಲ, ಇಬ್ಬರದೂ ಹೌದು. ಮದುವೆ ಗೊತ್ತಾದ ವಾರವೇ ಎರಡೂ ಮನೆಯ ಕಾಗದಗಳನ್ನು ಒಂದೇ ಚಾಪೆಯ ಮೇಲೆ ಹರಡಿ ನೋಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಅಂದ ಹಾಗೆ, ಮದುವೆಯಾದ ಮೇಲೆ ಹೆಂಗಸು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲೇಬೇಕೆಂಬ ಕಾನೂನಿಲ್ಲ. ಹುಟ್ಟಿದ ಹೆಸರಲ್ಲೇ ಇರಬಹುದು. ಬದಲಾಯಿಸಿದರೆ ಎಲ್ಲ ಕಡೆ ಬದಲಾಯಿಸಬೇಕು, ಅಷ್ಟೆ.

ಜನನ ಪತ್ರದ ಕಥೆಯೂ ಇದೇ. ಹೆರಿಗೆ ಮನೆಯಲ್ಲೇ ಆಗಿದ್ದರೆ ಎಷ್ಟೋ ಸಲ ಅದು ದಾಖಲಾಗಿರುವುದಿಲ್ಲ. ತಡವಾಗಿ ನೋಂದಾಯಿಸಲು ದಾರಿಯುಂಟು. ವರ್ಷ ಮೀರಿದ ಜನನಕ್ಕೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದ್ದಾರೆ.

ಇಷ್ಟರ ನಡುವೆ ಏಜೆಂಟು ಬರುತ್ತಾನೆ. "ಹಳೇ ತಾರೀಖಿಗೆ ಒಂದು ಸರ್ಟಿಫಿಕೇಟ್ ಮಾಡಿಸ್ತೀನಿ ಬಿಡಿ ಸಾರ್" ಅನ್ನುತ್ತಾನೆ. ಎಚ್ಚರ! ಸುಳ್ಳು ಕಾಗದ ಸಿಕ್ಕಿಬಿದ್ದರೆ ಇಂಗ್ಲೆಂಡು ಹತ್ತು ವರ್ಷ ಬಾಗಿಲು ಹಾಕಬಹುದು. ವೀಸಾಕ್ಕಾಗಿಯೇ ಹೂಡಿದ ಸುಳ್ಳು ಮದುವೆ ಅಂತ ತೀರ್ಮಾನವಾದರೆ ಅಮೆರಿಕದಲ್ಲಿ ಮುಂದೆ ನಿಜವಾದ ಮದುವೆಯಾದರೂ ಆ ಅರ್ಜಿ ಮಂಜೂರಾಗದು. ತಪ್ಪಿದ ಹೆಸರನ್ನು ತಿದ್ದಿಸಲು ಮೂರು ತಿಂಗಳು ಹಿಡಿದರೂ ಅದೇ ವಾಸಿ.

ನಿಜವಾದ ಗಂಡ ಹೆಂಡತಿಯೇ?

ಸಂದರ್ಶನ ಅಂದರೆ ಹುಡುಗಿಯರಿಗೆ ಎದೆ ಡವಡವ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಇನ್ನು ಚೆನ್ನೈ ರೈಲು ಹತ್ತೋದು ತಪ್ಪಿತು ಅಂತ ಜನ ಖುಷಿಪಟ್ಟರು. ಆದರೆ ಅಂದು ಅಲ್ಲಿ ವೀಸಾ ಕೌಂಟರು ತೆರೆಯಲಿಲ್ಲ. ಕಾಯಂ ವಾಸದ ವೀಸಾಗಳನ್ನು ಮುಂಬೈ ಕಾನ್ಸುಲೇಟ್ ನೋಡಿಕೊಳ್ಳುತ್ತ ಬಂದಿದೆ.

ಗಾಜಿನ ಆಚೆ ಕೂತವರು ಕೇಳುವುದು ಮನೆಯ ಮಾತನ್ನೇ. ಸಂಬಂಧ ಯಾರು ತಂದರು? ಮದುವೆ ಎಲ್ಲಿ ಆಯಿತು? ಗಂಡ ಏನು ಕೆಲಸ ಮಾಡುತ್ತಾನೆ? ಅವನಿಗೆ ಎಷ್ಟು ಜನ ಅಣ್ಣತಮ್ಮಂದಿರು? ನೋಡಿ ಮಾಡಿದ ಮದುವೆಯಲ್ಲಿ ಹುಡುಗ ಹುಡುಗಿ ಮದುವೆಗೆ ಮುಂಚೆ ಎರಡೇ ಸಲ ಮಾತಾಡಿದ್ದರೆ ಅದನ್ನು ಹಾಗೇ ಹೇಳಬೇಕು. ಬಣ್ಣ ಕಟ್ಟಬಾರದು. ಗಂಡ ಅಲ್ಲಿ ಬರೆದದ್ದು, ಹೆಂಡತಿ ಇಲ್ಲಿ ಹೇಳಿದ್ದು ಒಂದೇ ಆಗಿದ್ದರೆ ಹೆದರಿಕೆ ಇಲ್ಲ. ಮದುವೆಯ ಫೋಟೋ, ಕಳಿಸಿದ ಹಣದ ರಸೀತಿ, ಫೋನಿನ ದಾಖಲೆ, ಬಂದುಹೋದ ಟಿಕೆಟ್ಟು, ಎಲ್ಲವನ್ನೂ ತೆಗೆದಿಟ್ಟಿರಬೇಕು.

ಈ ಅನುಮಾನಕ್ಕೆ ಹಳೆಯ, ಕೆಟ್ಟ ಚರಿತ್ರೆಯೇ ಇದೆ. 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಭಾರತದ ಒಬ್ಬ ಶಿಕ್ಷಕಿ ಇಳಿದರು. ವಯಸ್ಸು 35. ಅಲ್ಲಿದ್ದ ಭಾವಿ ಪತಿಯನ್ನು ಮದುವೆಯಾಗಲು ಬಂದವರು. ಈಕೆಗೆ ಮೊದಲೇ ಮದುವೆಯಾಗಿರಬಹುದು ಅಂತ ಅಧಿಕಾರಿಗಳಿಗೆ ಗುಮಾನಿ. ಕನ್ಯೆಯೇ ಅಲ್ಲವೇ ಅಂತ ವೈದ್ಯರಿಂದ ದೇಹಪರೀಕ್ಷೆ ಮಾಡಿಸಿದರು! ಫೆಬ್ರವರಿ 1ರಂದು ಗಾರ್ಡಿಯನ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಭಾರತ ಪ್ರತಿಭಟಿಸಿತು, ಪರೀಕ್ಷೆ ನಿಂತಿತು. 2011ರಲ್ಲಿ ಅಲ್ಲಿಯ ಹಳೇ ಕಡತ ಕೆದಕಿದ ಸಂಶೋಧಕರಿಗೆ ಗೊತ್ತಾದದ್ದು ಏನು? ಇಂಥ ಪರೀಕ್ಷೆಗೆ ಗುರಿಯಾದ ಹೆಂಗಸರು ಕಡೇಪಕ್ಷ 80 ಮಂದಿ. ಆ ಹೆಂಗಸರು ಮಾಡಿದ ತಪ್ಪು ಇಷ್ಟೇ. ಗಂಡನ ಬಳಿಗೆ ಹೊರಟಿದ್ದರು.

ಇಂದು ಅಂಥದ್ದು ನಡೆಯದು. ಆದರೆ 'ನೀನು ನಿಜವಾದ ಹೆಂಡತಿಯೇ?' ಎಂಬ ಪ್ರಶ್ನೆ ಹಾಗೇ ಇದೆ. ಅಂದು ದೇಹವನ್ನು ಕೇಳಿದರು, ಇಂದು ಕಾಗದವನ್ನು ಕೇಳುತ್ತಾರೆ. ಕಾಗದ ಸರಿಯಿದ್ದರೆ ಹೆಣ್ಣುಮಗಳು ತಲೆ ಎತ್ತಿ ಉತ್ತರ ಕೊಡಬಹುದು.

ಕಾಗದ ಯಾರ ಕೈಲಿ?

ಇನ್ನೊಂದು ಮಾತು ಕಹಿಯಾದರೂ ಆಡಲೇಬೇಕು. ಕಾಗದ ತಡವಾಗುವುದು ಬೇರೆ, ತಡ ಮಾಡುವುದು ಬೇರೆ. ಮದುವೆಯಾಗಿ, ವರೋಪಚಾರ ತೆಗೆದುಕೊಂಡು, ವಿಮಾನ ಹತ್ತಿ, ಆಮೇಲೆ ಫೋನನ್ನೇ ಎತ್ತದ ಗಂಡಂದಿರೂ ಇದ್ದಾರೆ. ಪರದೇಶದ ಗಂಡಂದಿರ ವಿರುದ್ಧದ ದೂರು ನೋಡಲೆಂದೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಲ್ಲಿ ಪ್ರತ್ಯೇಕ ವಿಭಾಗ ತೆರೆಯಬೇಕಾಯಿತು. 2019ರ ಫೆಬ್ರವರಿಯಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ಇಂಥ ಮದುವೆಗಳನ್ನು 30 ದಿನದೊಳಗೆ ನೋಂದಾಯಿಸಬೇಕೆಂಬ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದರು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ, ನೋಂದಣಿ ಕಡ್ಡಾಯ ಮಾಡಿ, ಗಂಡ ಹೆಂಡತಿಯ ಪಾಸ್‌ಪೋರ್ಟುಗಳನ್ನು ಒಂದಕ್ಕೊಂದು ಜೋಡಿಸಿ, ಮದುವೆ ನೋಂದಣಿ ನಂಬರನ್ನು ಎರಡರಲ್ಲೂ ಬರೆಯಬೇಕೆಂದು ಶಿಫಾರಸು ಮಾಡಿತು.

ದೆಹಲಿಯ ಶಿಫಾರಸಿಗೆ ಕಾಯುತ್ತ ಕೂರಬೇಕಾಗಿಲ್ಲ. ಮದುವೆ ನೋಂದಣಿ ಪತ್ರ, ಗಂಡನ ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್, ಅವನ ಕೆಲಸದ ವಿಳಾಸ, ಅರ್ಜಿ ಹಾಕಿದ ರಸೀತಿ, ಇಷ್ಟೂ ಹೆಂಡತಿಯ ಹತ್ತಿರ ಇರಬೇಕು. ಅವಳ ಸ್ವಂತ ಪಾಸ್‌ಪೋರ್ಟಂತೂ ಅವಳ ಕೈಲೇ ಇರಬೇಕು. ಒಳ್ಳೆಯ ಗಂಡನಾದರೆ ವೀಸಾಕ್ಕೆ ಇವೇ ಕಾಗದ ಬೇಕು. ಕೈಬಿಟ್ಟ ಗಂಡನಾದರೆ ಪೊಲೀಸು, ಕೋರ್ಟು, ಆಯೋಗ, ಎಲ್ಲ ಕಡೆಯೂ ಇವೇ ಕಾಗದ ಬೇಕು. ಕೇಳಿದ್ದಕ್ಕೆ ಬೀಗರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ!

ಹೋದ ಮೇಲೂ ಅಷ್ಟೆ. ಅಮೆರಿಕಕ್ಕೆ ಕಾಲಿಡುವಾಗ ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಹೆಂಡತಿಗೆ ಕೊಡುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಷರತ್ತು ತೆಗೆಸಲು ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು. "ಸಹಿ ಹಾಕಲ್ಲ, ಊರಿಗೆ ಕಳಿಸ್ತೀನಿ" ಅಂತ ಹೆದರಿಸಿ ಹೊಡೆಯುವ ಗಂಡ ಸಿಕ್ಕರೆ? ಅಲ್ಲಿಯ ಕಾನೂನಿನಲ್ಲಿ ದಾರಿ ಉಂಟು. ಪೌರನೋ ಗ್ರೀನ್ ಕಾರ್ಡಿನವನೋ ಆದ ಗಂಡ ಹಿಂಸೆ ಕೊಟ್ಟರೆ, ಅವನ ಸಹಿ ಇಲ್ಲದೆ ಹೆಂಡತಿ ತಾನೇ ಅರ್ಜಿ ಹಾಕುವ ಹಕ್ಕನ್ನು 1994ರ ಕಾನೂನು ಕೊಟ್ಟಿದೆ. ಇಂಗ್ಲೆಂಡಿನಲ್ಲೂ ಸಂಗಾತಿಯ ವೀಸಾದಲ್ಲಿ ಬಂದು ಹಿಂಸೆಗೆ ಒಳಗಾದವರಿಗೆ ಪ್ರತ್ಯೇಕ ದಾರಿ ಇದೆ. ಇದನ್ನು ಮಗಳಿಗೆ ವಿಮಾನ ಹತ್ತಿಸುವ ಮುಂಚೆ ಹೇಳಿ ಕಳಿಸಿ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಡುವಾಗ ಈ ಬುದ್ಧಿಯನ್ನೂ ಕಟ್ಟಿಕೊಡಿ.

ಅಂಗಡಿಯವರಿಗೂ ಒಂದು ಮಾತು

ಈ ಗೋಳು ಕಮ್ಮಿಯಾಗಲು ಊರಿನವರೂ ಕೈ ಹಾಕಬಹುದು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು, ಮುದ್ದಿನ ಹೆಸರಿನ ಜೊತೆ ದಾಖಲೆಯ ಹೆಸರನ್ನೂ ಹಾಕಿಸಿ ಅಂತ ಒಂದು ಮಾತು ಹೇಳಿದರೆ ಖರ್ಚೇನು? ಫೋಟೋದವರು ಧಾರೆಯ ನಾಲ್ಕು ಚಿತ್ರ ತಾರೀಖಿನ ಸಮೇತ ಬೇರೆ ತೆಗೆದುಕೊಡಬಹುದು. ಛತ್ರದವರು ಬಾಡಿಗೆ ರಸೀತಿಯನ್ನು ಸರಿಯಾದ ಹೆಸರಲ್ಲೇ ಬರೆಯಬಹುದು. 'ಮದುವೆ ಮುಗಿದ ವಾರದಲ್ಲೇ ನೋಂದಣಿ ಮಾಡಿಸಿ' ಅಂತ ಊಟದ ಹಾಲಿನ ಬಾಗಿಲಿಗೆ ಒಂದು ಬೋರ್ಡು ಹಾಕಬಹುದು.

ನೋಂದಣಿ ಇಲಾಖೆಯವರು ಬೇಕಾದ ಕಾಗದಗಳ ಪಟ್ಟಿಯನ್ನು ನಾಲ್ಕೂ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಛೇರಿಗಳ ಮುಂದೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ಹಾಕಲಿ. ಮದುವೆಯ ತಿಂಗಳುಗಳಲ್ಲಿ ಘಾಟಿಯಂಥ ಕಡೆ ವಾರಕ್ಕೊಂದು ದಿನ ನೋಂದಣಿಯ ಮೇಜು ಹಾಕಲಿ. ತಾಳಿ ಕಟ್ಟಿದ ಕೈಯಲ್ಲೇ ಸಹಿಯೂ ಆಗಿಬಿಟ್ಟರೆ ಎಷ್ಟು ಮನೆಯ ನಿಟ್ಟುಸಿರು ಉಳಿದೀತು! ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅಲ್ಲಿಯವರೆಗೆ ಮಗ್ಗದ ಮನೆಯ ಹುಡುಗಿಗೆ ಹೇಳುವುದಿಷ್ಟೇ. ಕಾದು ಕೂತಿರುವಾಗ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗು ತಾಯಿ. ಕೈಯಲ್ಲಿ ನಾಲ್ಕು ಕಾಸಿರಲಿ, ಕಾಗದದ ಕಡತ ಬೀರುವಿನಲ್ಲಿರಲಿ, ಬೀರುವಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಕೇಳುವವರು ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಲೇ ಇರುತ್ತಾರೆ. ಅವರಿಗೆ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಬೇಕಾದದ್ದು ಗಾಜಿನ ಆಚೆ ಕೂತವನಿಗೆ ಮಾತ್ರ.